ಹಳೆಯ ಸ್ಪೋರ್ಟ್ಸ್ ಕಾರು: ಹಣ ಕೊಡುವ ಮುನ್ನ ಪರೀಕ್ಷಿಸಬೇಕಾದ ಯಾಂತ್ರಿಕ ದೋಷಗಳು

ಹೊಸದಾಗಿದ್ದಾಗ ಸಾಮಾನ್ಯರ ಕೈಗೆಟುಕದ ವೇಗದ ಕಾರುಗಳು ಏಳೆಂಟು ವರ್ಷ ಕಳೆಯುತ್ತಲೇ ಮಧ್ಯಮ ದರ್ಜೆಯ ಹೊಸ ಕಾರೊಂದರ ಬೆಲೆಗೆ ಇಳಿಯುತ್ತವೆ. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇಂತಹ ಕಾರುಗಳಿಗೆ ಕೊರತೆಯಿಲ್ಲ. ಕೊಳ್ಳುವ ಆಸೆಯುಳ್ಳ ಯುವಕರಿಗೂ ಕೊರತೆಯಿಲ್ಲ. ಆದರೆ ಕಾರಿನ ಬೆಲೆ ಇಳಿದಂತೆ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಆನೆಯನ್ನು ಕೊಳ್ಳುವುದು ಸುಲಭ, ಸಾಕುವುದು ಕಷ್ಟ ಎಂಬ ಮಾತು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಹಿಂದಿನ ಮಾಲೀಕ ಮುಂದೂಡುತ್ತ ಬಂದ ರಿಪೇರಿಗಳ ಮೊತ್ತವೆಲ್ಲ ಕೊನೆಗೆ ಹೊಸ ಮಾಲೀಕನ ತಲೆಯ ಮೇಲೆ ಬೀಳುತ್ತದೆ.

ಇನ್ನೊಂದು ಸಂಗತಿಯೂ ಉಂಟು. ವೇಗದ ಕಾರಿನ ದೋಷಗಳು ಕಾರು ನಿಂತಿದ್ದಾಗಲಿ, ನಗರದ ಸಮತಟ್ಟಾದ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿದಾಗಲಿ ಹೊರಬೀಳುವುದಿಲ್ಲ. ಎಂಜಿನ್ ಪೂರ್ಣವಾಗಿ ಕಾಯಬೇಕು, ಏರು ಹತ್ತಬೇಕು, ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗಬೇಕು, ಹಂಪ್‌ಗಳ ಮೇಲೆ ಚಕ್ರಗಳು ಕುಣಿಯಬೇಕು. ಆಗಷ್ಟೇ ಕಾರು ತನ್ನ ನಿಜವಾದ ಸ್ಥಿತಿಯನ್ನು ತೋರುತ್ತದೆ. ಆದ್ದರಿಂದ ಮಾರುವವರು ಸೂಚಿಸುವ ಚಿಕ್ಕ ಸುತ್ತಿಗೆ ತೃಪ್ತರಾಗದೆ, ಕನಿಷ್ಠ ಒಂದೆರಡು ಗಂಟೆಯ ಪರೀಕ್ಷೆಗೆ ಪಟ್ಟು ಹಿಡಿಯುವುದು ಗ್ರಾಹಕರ ಮೊದಲ ಕರ್ತವ್ಯ.

ಪರೀಕ್ಷೆಗೆ ಹೇಳಿಮಾಡಿಸಿದ ಹಾದಿ

ಬೆಂಗಳೂರಿನ ಸುತ್ತಮುತ್ತ ಇಂತಹ ಪರೀಕ್ಷೆಗೆ ಚಿಕ್ಕಬಳ್ಳಾಪುರ ಜಿಲ್ಲೆಯಷ್ಟು ಅನುಕೂಲವಾದ ಪ್ರದೇಶ ವಿರಳ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಈ ಜಿಲ್ಲೆಯನ್ನು ಬೆಂಗಳೂರು–ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 44 ದಕ್ಷಿಣೋತ್ತರವಾಗಿ ಸೀಳಿಕೊಂಡು ಹೋಗುತ್ತದೆ. ಹಳೆಯ ಚಾಲಕರು ಇಂದಿಗೂ ಇದನ್ನು ಹೆದ್ದಾರಿ 7 ಎಂದೇ ಕರೆಯುತ್ತಾರೆ. ಇದನ್ನು ಅಡ್ಡಹಾಯುವ ರಾಷ್ಟ್ರೀಯ ಹೆದ್ದಾರಿ 69 ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಈ ನಾಲ್ಕೂ ಪಟ್ಟಣಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಹಿಂದೆ ಇದರ ಸಂಖ್ಯೆ 234 ಆಗಿತ್ತು. ಹತ್ತಿರದಲ್ಲೇ 1,478 ಮೀಟರ್ ಎತ್ತರದ ನಂದಿ ಬೆಟ್ಟವಿದೆ.

ಹೀಗೆ ನಾಲ್ಕು ಪಥದ ವೇಗದ ಹೆದ್ದಾರಿ, ಕಡಿದಾದ ತಿರುವುಗಳ ಬೆಟ್ಟದ ರಸ್ತೆ, ಊರೂರಿಗೂ ಹಂಪ್‌ಗಳಿರುವ ಹಾದಿ ಮೂರೂ ಒಂದೇ ಬೆಳಗಿನಲ್ಲಿ ದೊರೆಯುತ್ತವೆ. ಇತರ ಊರುಗಳ ಓದುಗರು ತಮ್ಮ ಸಮೀಪದಲ್ಲಿ ಇದೇ ಬಗೆಯ ಹಾದಿಯೊಂದನ್ನು ಗುರುತಿಸಿಕೊಳ್ಳಬಹುದು. ಮೈಸೂರಿನವರಿಗೆ ಚಾಮುಂಡಿ ಬೆಟ್ಟವಿದೆ, ಚಿಕ್ಕಮಗಳೂರಿನವರಿಗೆ ಮುಳ್ಳಯ್ಯನಗಿರಿಯ ದಾರಿಯಿದೆ. ಪರೀಕ್ಷೆಯ ಓಡಾಟಕ್ಕೆ ಮೊದಲು ಕಾರಿನ ವಿಮೆ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು, ಮಾಲೀಕರು ಜೊತೆಗಿರಬೇಕು, ವೇಗಮಿತಿ ಮೀರಬಾರದು. ಕಾರನ್ನು ಅದರ ಮಿತಿಗೆ ಒಯ್ಯುವುದು ಪರೀಕ್ಷೆಯಲ್ಲ. ಕಿವಿ, ಮೂಗು, ಕೈಗಳಿಂದ ಅದರ ನಾಡಿ ಹಿಡಿಯುವುದು ಪರೀಕ್ಷೆ.

ಮೊದಲ ಹೆಜ್ಜೆ: ತಣ್ಣಗಿನ ಎಂಜಿನ್

ಕಾರನ್ನು ನೋಡಲು ಬೆಳಿಗ್ಗೆ ಹೋಗುವುದು ಉತ್ತಮ. ಎಂಜಿನ್ ಚಾಲೂ ಮಾಡದೆ ಇರುವಂತೆ ಮಾಲೀಕರಿಗೆ ಮೊದಲೇ ತಿಳಿಸಿರಬೇಕು. ತಲುಪಿದೊಡನೆ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಬೇಕು. ಅದು ಬೆಚ್ಚಗಿದ್ದರೆ ಎಂಜಿನನ್ನು ಆಗಲೇ ಓಡಿಸಿದ್ದಾರೆ ಎಂದರ್ಥ. ತಣ್ಣಗಿನ ಎಂಜಿನ್ ಏಳುವಾಗ ಕೇಳಿಸುವ ಸದ್ದು, ಕಾಣುವ ಹೊಗೆ ಎರಡೂ ಆಗ ಮರೆಯಾಗಿರುತ್ತವೆ.

ಚಾಲೂ ಮಾಡುವ ಮುನ್ನ ಆಯಿಲ್ ಕಡ್ಡಿಯನ್ನು ಎಳೆದು ಮಟ್ಟ ಮತ್ತು ಬಣ್ಣ ನೋಡಬೇಕು. ಆಯಿಲ್ ಮುಚ್ಚಳದ ಒಳಭಾಗದಲ್ಲಿ ಬೆಣ್ಣೆಯಂತಹ ಕಂದು ಬಿಳುಪಿನ ಲೇಪವಿದ್ದರೆ ಆಯಿಲ್‌ನೊಂದಿಗೆ ನೀರಿನಂಶ ಬೆರೆತಿದೆ. ಬಹಳ ಕಾಲ ಚಿಕ್ಕ ದೂರಗಳಿಗಷ್ಟೇ ಬಳಸಿದ ಕಾರಿನಲ್ಲಿ ಆವಿಯಿಂದಲೂ ಹೀಗಾಗುವುದುಂಟು. ಆದರೆ ಕೂಲಂಟ್ ಟ್ಯಾಂಕಿನಲ್ಲೂ ಎಣ್ಣೆಯ ಪೊರೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಕೆಟ್ಟಿರುವ ಸಂಭವ ಹೆಚ್ಚು.

ಎಂಜಿನ್ ಎದ್ದ ಬಳಿಕ ಸೈಲೆನ್ಸರ್ ಬಳಿ ನಿಂತು ಹೊಗೆಯ ಬಣ್ಣ ನೋಡಬೇಕು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಚಾಲೂ ಮಾಡಿದಾಗ ಮಾತ್ರ ಕ್ಷಣಕಾಲ ನೀಲಿ ಹೊಗೆ ಬಂದರೆ ವಾಲ್ವ್ ಸೀಲುಗಳು ಗಟ್ಟಿಯಾಗಿರಬಹುದು. ವೇಗ ಹೆಚ್ಚಿಸಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗುಗಳೋ ಟರ್ಬೊ ಸೀಲೋ ಸವೆದಿರಬೇಕು. ಎಂಜಿನ್ ಕಾದ ಮೇಲೂ ನಿಲ್ಲದೆ ಬರುವ, ಸಿಹಿ ವಾಸನೆಯ ಬಿಳಿ ಹೊಗೆ ಕೂಲಂಟ್ ಉರಿಯುತ್ತಿರುವುದರ ಗುರುತು. ಚಳಿಗಾಲದ ಮುಂಜಾನೆ ಕಾಣುವ ತೆಳು ಆವಿಯನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಕಪ್ಪು ಹೊಗೆ ಇಂಧನ ಅಗತ್ಯಕ್ಕಿಂತ ಹೆಚ್ಚು ಸುರಿಯುತ್ತಿರುವುದನ್ನು ಸೂಚಿಸುತ್ತದೆ.

ವ್ಯಾಪಾರ ಕುದುರುವಂತಿದ್ದರೆ ಗ್ಯಾರೇಜಿನಲ್ಲಿ ಕಂಪ್ರೆಷನ್ ಪರೀಕ್ಷೆ ಮಾಡಿಸುವುದು ಲೇಸು. ಪೆಟ್ರೋಲ್ ಎಂಜಿನ್‌ನಲ್ಲಿ ಸಿಲಿಂಡರಿನಿಂದ ಸಿಲಿಂಡರಿಗೆ ಶೇ 10ರಿಂದ 15ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡುಬಂದರೆ ಕಾರಣ ತಿಳಿಯುವವರೆಗೆ ಮುಂಗಡ ಕೊಡಬಾರದು.

ಟೈಮಿಂಗ್ ಬೆಲ್ಟ್ ಮತ್ತು ಚೈನ್

ಎಂಜಿನ್‌ನ ಕವಾಟಗಳು ಮತ್ತು ಪಿಸ್ಟನ್‌ಗಳ ತಾಳ ತಪ್ಪದಂತೆ ನೋಡಿಕೊಳ್ಳುವುದು ಟೈಮಿಂಗ್ ಬೆಲ್ಟ್ ಅಥವಾ ಚೈನ್. ರಬ್ಬರಿನ ಬೆಲ್ಟ್‌ಗೆ ಕಿಲೋಮೀಟರ್ ಮಾತ್ರವಲ್ಲ, ವರ್ಷಗಳ ಮಿತಿಯೂ ಇದೆ. ಹತ್ತು ವರ್ಷಗಳಲ್ಲಿ ಬರೀ 25 ಸಾವಿರ ಕಿ.ಮೀ. ಓಡಿದೆ ಎಂಬ ಕಾರಣಕ್ಕೆ ಬೆಲ್ಟ್ ಹೊಸದಾಗಿ ಉಳಿಯುವುದಿಲ್ಲ. ಓಡುವಾಗ ಅದು ತುಂಡಾದರೆ ಬಹುತೇಕ ಆಧುನಿಕ ಎಂಜಿನ್‌ಗಳಲ್ಲಿ ಪಿಸ್ಟನ್‌ಗಳು ಕವಾಟಗಳಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಬದಲಾಯಿಸಿದ ಬಿಲ್ಲು ತೋರಿಸದಿದ್ದರೆ ಬದಲಾಯಿಸಿಲ್ಲವೆಂದೇ ಲೆಕ್ಕ ಹಾಕಬೇಕು.

ಚೈನ್ ಇರುವ ಎಂಜಿನ್‌ಗಳೂ ಚಿಂತೆಯಿಲ್ಲದವಲ್ಲ. ತಣ್ಣಗೆ ಚಾಲೂ ಮಾಡಿದ ಮೊದಲ ಕೆಲವು ಸೆಕೆಂಡು ಡಬ್ಬಿಯಲ್ಲಿ ಕಲ್ಲು ಅಲುಗಿಸಿದಂತಹ ಸದ್ದು ಬಂದರೆ ಚೈನ್ ಉದ್ದವಾಗಿದೆ ಅಥವಾ ಅದನ್ನು ಬಿಗಿಹಿಡಿಯುವ ಟೆನ್ಷನರ್ ಸೋತಿದೆ. ಸ್ಕೋಡಾ, ಫೋಕ್ಸ್‌ವ್ಯಾಗನ್, ಆಡಿ ಕಾರುಗಳಲ್ಲಿ ಬಳಕೆಯಾದ 1.8 ಮತ್ತು 2 ಲೀಟರ್ ಟಿಎಸ್‌ಐ ಎಂಜಿನ್‌ಗಳ ಆರಂಭದ ಪೀಳಿಗೆಗಳಲ್ಲಿ ಟೆನ್ಷನರ್ ದೋಷ ಮತ್ತು ಅತಿಯಾದ ಆಯಿಲ್ ಸೇವನೆಯ ದೂರುಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುವ ಇಂತಹ ಎಂಜಿನ್‌ಗಳಲ್ಲಿ ಗಾಳಿ ಒಳಬರುವ ಕವಾಟಗಳ ಮೇಲೆ ಇದ್ದಿಲು ಕಟ್ಟುವುದೂ ಸಾಮಾನ್ಯ. ನಿಂತಲ್ಲಿ ಎಂಜಿನ್ ನಡುಗುವುದು ಅದರ ಒಂದು ಲಕ್ಷಣ.

ಐಷಾರಾಮಿ ಕಾರುಗಳ ಸಾಲಿನಲ್ಲಿ 1990ರ ದಶಕದ ಕೊನೆಯಿಂದ 2008ರವರೆಗಿನ ಪೋರ್ಷೆ ಬಾಕ್‌ಸ್ಟರ್, ಕೇಮನ್ ಮತ್ತು 911 ಮಾದರಿಗಳ ನಡುದಂಡದ ಬೇರಿಂಗ್ ಜಗತ್ತಿನಾದ್ಯಂತ ಚರ್ಚೆಗೆ ಒಳಗಾಗಿದೆ. 911ರ ಟರ್ಬೊ ಮತ್ತು ಜಿಟಿ3 ಮಾದರಿಗಳ ಎಂಜಿನ್ ಬೇರೆಯಾದ್ದರಿಂದ ಅವುಗಳಿಗೆ ಈ ಮಾತು ಅನ್ವಯಿಸದು. ಉಳಿದವುಗಳಲ್ಲಿ ಬೇರಿಂಗ್ ಬದಲಾಯಿಸಿದ ದಾಖಲೆಯಿದೆಯೇ ಎಂದು ವಿಚಾರಿಸುವುದು ಅಗತ್ಯ.

ಟರ್ಬೊ ಮತ್ತು ‘ರೀಮ್ಯಾಪ್’

ಭಾರತದಲ್ಲಿ ಕೈಗೆಟುಕುವ ವೇಗದ ಕಾರುಗಳಲ್ಲಿ ಬಹುಪಾಲು ಟರ್ಬೊ ಪೆಟ್ರೋಲ್ ಎಂಜಿನ್‌ನವು. ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, ಫಿಯೆಟ್‌ನ ಲೀನಿಯಾ ಟಿ-ಜೆಟ್ ಮತ್ತು ಅಬಾರ್ತ್ ಪುಂಟೊ ಈ ಸಾಲಿಗೆ ಸೇರಿದವು. ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಸಕಾಲಕ್ಕೆ ಆಯಿಲ್ ಬದಲಿಸದ, ಜೋರಾಗಿ ಓಡಿಸಿ ಒಡನೆಯೇ ಎಂಜಿನ್ ಆರಿಸುವ ಮಾಲೀಕರ ಕೈಯಲ್ಲಿ ಅದು ಬೇಗ ಸಾಯುತ್ತದೆ. ಸೈರನ್ನಿನಂತೆ ಏರುವ ಕೂಗು, ಇಂಟರ್‌ಕೂಲರ್ ಕೊಳವೆಗಳಲ್ಲಿ ಹರಿದಾಡುವಷ್ಟು ಆಯಿಲ್, ಏರಿನಲ್ಲಿ ಶಕ್ತಿ ಒಮ್ಮೆಲೇ ಕುಸಿಯುವುದು ಇವು ಎಚ್ಚರಿಕೆಯ ಗಂಟೆಗಳು.

ಎಂಜಿನ್‌ನ ಕಂಪ್ಯೂಟರ್ ತಂತ್ರಾಂಶವನ್ನು ತಿದ್ದಿ ಶಕ್ತಿ ಹೆಚ್ಚಿಸುವ ರೀಮ್ಯಾಪ್ ಹವ್ಯಾಸ ಬೆಂಗಳೂರಿನಲ್ಲಿ ವ್ಯಾಪಕವಾಗಿದೆ. ಹೆಚ್ಚಿದ ಶಕ್ತಿಯ ಭಾರವನ್ನು ಕ್ಲಚ್, ಗೇರ್‌ಬಾಕ್ಸ್, ಪಿಸ್ಟನ್‌ಗಳು ಹೊರಬೇಕಾಗುತ್ತದೆ. ಮಾರುವ ಮುನ್ನ ತಂತ್ರಾಂಶವನ್ನು ಹಿಂದಿನ ಸ್ಥಿತಿಗೆ ತಂದರೂ ಆದ ಸವೆತ ಹಿಂದಿರುಗುವುದಿಲ್ಲ. ಬೇರೆ ಏರ್ ಫಿಲ್ಟರ್, ಬೇರೆ ಸೈಲೆನ್ಸರ್ ಹಾಕಿದ ಗುರುತು ಕಂಡರೆ ಮೂಲ ಭಾಗಗಳು ಎಲ್ಲಿ ಎಂದು ಕೇಳಬೇಕು. ನೋಂದಣಿಯ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅವಕಾಶ ಕೊಡುವುದಿಲ್ಲ ಎಂಬುದೂ ನೆನಪಿರಲಿ.

ಬೆಟ್ಟದ ಏರು: ತಂಪಿನ ವ್ಯವಸ್ಥೆ

ನಂದಿ ಬೆಟ್ಟದ ಏರಿನಲ್ಲಿ ಎರಡನೇ, ಮೂರನೇ ಗೇರುಗಳಲ್ಲಿ ನಿಧಾನವಾಗಿ ಹತ್ತುವಾಗ ಎಂಜಿನ್ ಹೆಚ್ಚು ದುಡಿಯುತ್ತದೆ, ಎದುರು ಗಾಳಿ ಕಡಿಮೆಯಿರುತ್ತದೆ. ರೇಡಿಯೇಟರ್, ಫ್ಯಾನ್, ಥರ್ಮೋಸ್ಟಾಟ್, ವಾಟರ್ ಪಂಪ್ ನಾಲ್ಕಕ್ಕೂ ಇದು ನಿಜವಾದ ಪರೀಕ್ಷೆ. ಉಷ್ಣತೆಯ ಮುಳ್ಳು ಮಧ್ಯದಲ್ಲಿ ಸ್ಥಿರವಾಗಿ ನಿಲ್ಲಬೇಕು. ಮೇಲೆ ತಲುಪಿ ಎಂಜಿನ್ ಓಡುತ್ತಿರುವಂತೆಯೇ ನಿಲ್ಲಿಸಿದಾಗ ಫ್ಯಾನ್ ತಾನೇ ತಿರುಗಿ ತಾನೇ ನಿಲ್ಲಬೇಕು. ವಾರಾಂತ್ಯಗಳಲ್ಲಿ ಬೆಟ್ಟಕ್ಕೆ ಜನಸಂದಣಿ ಹೆಚ್ಚು, ವಾಹನಗಳಿಗೆ ನಿರ್ಬಂಧವಿರುವುದೂ ಉಂಟು. ವಾರದ ನಡುವಿನ ದಿನವನ್ನು ಆರಿಸಿಕೊಳ್ಳುವುದು ಒಳಿತು.

ಕೂಲಂಟ್‌ನ ಬಣ್ಣವೂ ಕಥೆ ಹೇಳುತ್ತದೆ. ಅದು ಗುಲಾಬಿ, ಹಸಿರು ಅಥವಾ ನೀಲಿ ಬಣ್ಣದಲ್ಲಿ ತಿಳಿಯಾಗಿರಬೇಕು. ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದ್ದರೆ ಬರೀ ನೀರು ಸುರಿಯುತ್ತ ಬಂದಿದ್ದಾರೆ. ಜೀವನದಿಗಳಿಲ್ಲದ ಈ ಬಯಲುಸೀಮೆಯಲ್ಲಿ ಸಾವಿರ ಅಡಿಗೂ ಆಳದ ಕೊಳವೆಬಾವಿಗಳ ನೀರೇ ಆಧಾರ. ಲವಣಾಂಶ ಹೆಚ್ಚಿರುವ ಆ ಗಡಸು ನೀರು ರೇಡಿಯೇಟರ್‌ನ ಸಣ್ಣ ನಾಳಗಳಲ್ಲಿ ಹೆಕ್ಕಳೆ ಕಟ್ಟುತ್ತದೆ. ಮನೆಯ ಬಿಸಿನೀರಿನ ಗೀಸರ್‌ನಲ್ಲಿ ಆಗುವುದೇ ಇಲ್ಲಿಯೂ ಆಗುತ್ತದೆ. 2000ದ ದಶಕದ ಆಕ್ಟೇವಿಯಾ ಆರ್‌ಎಸ್‌ನ 1.8 ಟರ್ಬೊ ಎಂಜಿನ್ ಕುಟುಂಬದಲ್ಲಿ ವಾಟರ್ ಪಂಪಿನ ಪ್ಲಾಸ್ಟಿಕ್ ರೆಕ್ಕೆಗಳು ಮುರಿಯುವ ದೋಷ ಹೆಸರುವಾಸಿಯಾಗಿತ್ತು. ಹಳೆಯ ಪ್ಲಾಸ್ಟಿಕ್ ಟ್ಯಾಂಕುಗಳು, ಬಿಸಿಲಿಗೆ ಗಟ್ಟಿಯಾದ ರಬ್ಬರ್ ಪೈಪುಗಳು ಬಿರುಕುಬಿಟ್ಟಿವೆಯೇ ಎಂದು ಕೈಯಿಂದ ಒತ್ತಿ ನೋಡಬೇಕು. ಇದನ್ನು ಎಂಜಿನ್ ತಣಿದಾಗಲೇ ಮಾಡಬೇಕು. ಬಿಸಿಯಿರುವಾಗ ಕೂಲಂಟ್ ಮುಚ್ಚಳ ತೆರೆಯುವುದು ಅಪಾಯಕರ.

ಇದೇ ಜಿಲ್ಲೆಯಲ್ಲಿ ಕಲ್ಲು ಕ್ವಾರಿ ಮತ್ತು ಕ್ರಷರ್‌ಗಳು ಹೇರಳ. ಅಂತಹ ದೂಳಿನ ಹಾದಿಗಳಲ್ಲಿ ನಿತ್ಯ ಓಡಿದ ಕಾರಾದರೆ ಏರ್ ಫಿಲ್ಟರ್ ಪೆಟ್ಟಿಗೆ ತೆರೆದು, ಫಿಲ್ಟರ್‌ನಿಂದಾಚೆಗೂ ಸಣ್ಣ ಪುಡಿ ಕೂತಿದೆಯೇ ಎಂದು ನೋಡತಕ್ಕದ್ದು.

ಕ್ಲಚ್ ಮತ್ತು ಗೇರ್‌ಬಾಕ್ಸ್

ಕೈ ಗೇರಿನ ಕಾರಿನಲ್ಲಿ ಕ್ಲಚ್ ಜಾರುವುದನ್ನು ಪತ್ತೆಹಚ್ಚುವುದು ಸುಲಭ. ಖಾಲಿ ರಸ್ತೆಯಲ್ಲಿ ಕಡಿಮೆ ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್‌ನ ಸುತ್ತು ಮಾತ್ರ ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ವೇಗವಾಗಿ ಎರಡನೇ ಗೇರಿಗೆ ಬದಲಿಸುವಾಗ ಕರಕರ ಸದ್ದು ಬಂದರೆ ಸಿಂಕ್ರೊ ರಿಂಗ್ ಸವೆದಿದೆ. ನಿಂತಲ್ಲಿ ಕೇಳುವ ಗಡಗಡ ಸದ್ದು ಕ್ಲಚ್ ಒತ್ತಿದೊಡನೆ ಬದಲಾದರೆ ಎರಡು ಪದರದ ಫ್ಲೈವೀಲ್ ಮೇಲೆ ಅನುಮಾನ ಪಡಬೇಕು. ಅದನ್ನು ಬದಲಾಯಿಸುವುದು ಕ್ಲಚ್‌ಗಿಂತ ದುಬಾರಿ.

ಎರಡು ಕ್ಲಚ್‌ಗಳ ಡಿಎಸ್‌ಜಿ ಸ್ವಯಂಚಾಲಿತ ಗೇರ್‌ಬಾಕ್ಸ್‌ಗಳಲ್ಲಿ 7 ಗೇರಿನ ಒಣ ಕ್ಲಚ್ ಮಾದರಿಗೆ ವಿಶೇಷ ಗಮನ ಬೇಕು. ಪೋಲೊ ಜಿಟಿ ಟಿಎಸ್‌ಐ ಮೊದಲಾದ ಕಾರುಗಳಲ್ಲಿ ಇದೇ ಇತ್ತು. 2013ರ ನವೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆಯು ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳ ಇಂತಹ ಗೇರ್‌ಬಾಕ್ಸ್‌ಗಳಲ್ಲಿ ಕೃತಕ ಆಯಿಲ್ ತೆಗೆದು ಖನಿಜ ಆಯಿಲ್ ತುಂಬಿಸುವ ಕ್ರಮ ಪ್ರಕಟಿಸಿತ್ತು. ನೋಡುವ ಕಾರು ಆ ಕಾಲದ್ದಾದರೆ ಈ ಕೆಲಸ ಆಗಿದೆಯೇ ಎಂದು ಸರ್ವಿಸ್ ದಾಖಲೆಯಲ್ಲಿ ಹುಡುಕಬೇಕು. ಹೆಬ್ಬಾಳದಂತಹ ಕಡೆ ನಿಂತು ನಿಂತು ಸಾಗುವ ದಟ್ಟಣೆಯಲ್ಲಿ ಒಣ ಕ್ಲಚ್ ಬೇಗ ಕಾಯುತ್ತದೆ. ಮೊದಲ ಮತ್ತು ಎರಡನೇ ಗೇರುಗಳ ನಡುವೆ ನಡುಕ, ರಿವರ್ಸ್ ಹಾಕಿದಾಗ ತಡ, ಗೇರ್ ಸೂಚಕ ಮಿನುಗುವುದು ಇವೆಲ್ಲ ಮೆಕಾಟ್ರಾನಿಕ್ ಘಟಕದ ದೋಷ ಸೂಚಿಸಬಹುದು. ಹೆದ್ದಾರಿಯಲ್ಲಿ ಮಾತ್ರ ಓಡಿಸಿದರೆ ಇದು ತಿಳಿಯದು. ಚಿಂತಾಮಣಿ ಪೇಟೆಯ ಸಂದಣಿಯಲ್ಲಿ ಹತ್ತು ನಿಮಿಷ ಓಡಿಸಿದರೆ ತಿಳಿಯುತ್ತದೆ.

ಸ್ಟಿಯರಿಂಗ್ ಅನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ನಿಧಾನವಾಗಿ ಸುತ್ತು ಹಾಕುವಾಗ ಟಕಟಕ ಸದ್ದು ಬಂದರೆ ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲ್‌ನ ಸಿವಿ ಜಾಯಿಂಟ್ ಸವೆದಿದೆ.

ಬೆಟ್ಟದ ಇಳಿತ: ಬ್ರೇಕ್

ಇಳಿಯುವಾಗ ಕೆಳಗಿನ ಗೇರಿನಲ್ಲೇ ಇದ್ದು ಎಂಜಿನ್ನಿನ ಹಿಡಿತದಿಂದ ವೇಗ ತಗ್ಗಿಸುವುದು ಸರಿಯಾದ ಕ್ರಮ. ಹಾಗೆ ಇಳಿದರೂ ತಿರುವು ತಿರುವಿಗೆ ಬ್ರೇಕ್ ಬೇಕಾಗುತ್ತದೆ. ಪೆಡಲ್ ಹೋಗುತ್ತ ಹೋಗುತ್ತ ಮೆತ್ತಗಾದರೆ ಬ್ರೇಕ್ ಆಯಿಲ್ ಹಳತಾಗಿದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಾಗಲೇಬೇಕು. ಒತ್ತಿದಾಗ ಪೆಡಲ್ ಅಥವಾ ಸ್ಟಿಯರಿಂಗ್ ಅದುರಿದರೆ ಡಿಸ್ಕ್ ಸಮತಲವಾಗಿಲ್ಲ. ಡಿಸ್ಕ್‌ನ ಅಂಚಿನಲ್ಲಿ ಬೆರಳಿಗೆ ತಾಗುವಷ್ಟು ಏಣು ಎದ್ದಿದ್ದರೆ ಅದು ಸವೆದಿದೆ. ಸ್ಪೋರ್ಟ್ಸ್ ಕಾರಿನ ನಾಲ್ಕು ಡಿಸ್ಕ್ ಮತ್ತು ಪ್ಯಾಡ್‌ಗಳ ವೆಚ್ಚ ಸಾಮಾನ್ಯ ಕಾರಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕಾರ್ಬನ್ ಸೆರಾಮಿಕ್ ಡಿಸ್ಕ್‌ಗಳಾದರೆ ಕೇಳುವುದೇ ಬೇಡ.

ಬ್ರೇಕ್ ಮತ್ತು ದೀಪಗಳ ವಿಷಯದಲ್ಲಿ ಚೌಕಾಶಿ ಸಲ್ಲದು. 2023ರ ಅಕ್ಟೋಬರ್ 26ರ ಮುಂಜಾನೆ ಚಿಕ್ಕಬಳ್ಳಾಪುರದ ಬಳಿ ಇದೇ ಹೆದ್ದಾರಿ 44ರಲ್ಲಿ, ಮಂಜು ಮುಸುಕಿದ್ದ ವೇಳೆ, ನಿಂತಿದ್ದ ಟ್ಯಾಂಕರ್‌ಗೆ ವಾಹನವೊಂದು ಡಿಕ್ಕಿ ಹೊಡೆದು 13 ಮಂದಿ ಪ್ರಾಣ ಕಳೆದುಕೊಂಡರು. ಬೆಟ್ಟದ ಸೀಮೆಯಲ್ಲಿ ಮುಂಜಾನೆಯ ಮಂಜು ಚಳಿಗಾಲದುದ್ದಕ್ಕೂ ಇರುತ್ತದೆ. ಮಂಜು ಕರಗಿ ಬಿಸಿಲು ಬಂದ ಬಳಿಕವೇ ಪರೀಕ್ಷೆಯ ಓಡಾಟ ನಡೆಸುವುದು ಕ್ಷೇಮ.

ಹಂಪ್‌ಗಳ ಹಾದಿ: ಸಸ್ಪೆನ್ಷನ್ ಮತ್ತು ಟೈರು

ಶಿಡ್ಲಘಟ್ಟ–ಚಿಂತಾಮಣಿ ನಡುವೆ ಊರು ಬಂದಲ್ಲೆಲ್ಲ ಹಂಪ್. ನೆಲಕ್ಕೆ ಹತ್ತಿರವಾಗಿ ಕೂರುವ ಕಾರಿಗೆ ಇದಕ್ಕಿಂತ ಕಠಿಣ ಪರೀಕ್ಷೆಯಿಲ್ಲ. ಸಂಗೀತ ಆರಿಸಿ, ಕಿಟಕಿ ಇಳಿಸಿ ಸಾಗಬೇಕು. ಹಂಪ್ ಇಳಿಯುವಾಗ ದಡ್ ಎಂಬ ಸದ್ದು ಶಾಕ್ ಅಬ್ಸಾರ್ಬರ್ ಅಥವಾ ಅದರ ಮೇಲಿನ ಮೌಂಟ್‌ನದು. ಚಿಕ್ಕ ಗುಂಡಿಗಳಲ್ಲಿ ಕಟಕಟ ಎಂದರೆ ಲಿಂಕ್ ರಾಡ್ ಅಥವಾ ಬಾಲ್ ಜಾಯಿಂಟ್. ಬ್ರೇಕ್ ಹಾಕಿದಾಗ ಮೂತಿ ಪಕ್ಕಕ್ಕೆಳೆದರೆ ತೋಳುಗಳ ಬುಷ್ ಹರಿದಿರಬಹುದು. ವೇಗಕ್ಕೆ ತಕ್ಕಂತೆ ಏರುವ ಗುಂಯ್‌ಗುಡುವಿಕೆ ಚಕ್ರದ ಬೇರಿಂಗ್‌ನದು. ಹೆದ್ದಾರಿಯಲ್ಲಿ ಗಂಟೆಗೆ 80–100 ಕಿ.ಮೀ. ವೇಗದಲ್ಲಿ ಸ್ಟಿಯರಿಂಗ್ ನಡುಗಿದರೆ ಗುಂಡಿಗೆ ಬಿದ್ದು ಅಲಾಯ್ ಚಕ್ರ ಬಾಗಿರುವ ಸಾಧ್ಯತೆಯಿದೆ.

ನಂತರ ಗ್ಯಾರೇಜಿನ ಲಿಫ್ಟ್ ಮೇಲೆ ಕಾರನ್ನು ಎತ್ತಿಸಿ ತಳ ನೋಡಬೇಕು. ಆಯಿಲ್ ಸಂಪ್‌ಗೆ ಹಂಪ್ ಉಜ್ಜಿದ ಗಾಯ, ವೆಲ್ಡ್ ಹಾಕಿದ ಗುರುತು, ಒದ್ದೆಯಾದ ಶಾಕ್ ಅಬ್ಸಾರ್ಬರ್ ಇವು ಮೇಲಿನಿಂದ ಕಾಣುವುದಿಲ್ಲ. ಈ ಒಣ ಸೀಮೆಯ ಕಾರುಗಳಿಗೆ ತುಕ್ಕಿನ ಕಾಟ ಕಡಿಮೆ. ಮಂಗಳೂರು, ಉಡುಪಿ, ಮುಂಬೈ, ಚೆನ್ನೈ ಕಡೆಯಿಂದ ಬಂದ ಕಾರುಗಳಲ್ಲಿ ತಳದ ತುಕ್ಕನ್ನು ವಿಶೇಷವಾಗಿ ಪರಿಶೀಲಿಸಬೇಕು. ದೇಶೀಯ ಸ್ಪೋರ್ಟ್ಸ್ ಕಾರು ಸ್ಯಾನ್ ಸ್ಟಾರ್ಮ್‌ನಂತೆ ಫೈಬರ್‌ಗ್ಲಾಸ್ ಕವಚವಿರುವ ವಾಹನಗಳಲ್ಲಿ ಕವಚ ತುಕ್ಕು ಹಿಡಿಯದಿದ್ದರೂ ಕೆಳಗಿನ ಉಕ್ಕಿನ ಚೌಕಟ್ಟು ಹಿಡಿಯುತ್ತದೆ.

ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ತಯಾರಿಕೆಯ ದಿನಾಂಕ ಹೇಳುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ. ಆರು ವರ್ಷ ದಾಟಿದ ಟೈರಿನ ರಬ್ಬರ್ ಗಟ್ಟಿಯಾಗಿ ಮಳೆಯಲ್ಲಿ ಹಿಡಿತ ಬಿಡುತ್ತದೆ, ಪದರ ಎಷ್ಟೇ ಉಳಿದಿರಲಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಅಥವಾ ಅಪಘಾತದಲ್ಲಿ ಚೌಕಟ್ಟು ಬಾಗಿದೆ.

ಮುಚ್ಚಿಟ್ಟ ಅಪಘಾತ, ನೆರೆಯಲ್ಲಿ ಮುಳುಗಿದ ಕಾರು

ಬೆಳ್ಳಗಿರುವುದೆಲ್ಲ ಹಾಲಲ್ಲ, ಹೊಳೆಯುವ ಬಣ್ಣವೆಲ್ಲ ಕಾರ್ಖಾನೆಯದಲ್ಲ. ಬಾಗಿಲು, ಬಾನೆಟ್, ಡಿಕ್ಕಿಯ ಸಂದುಗಳು ಎರಡೂ ಬದಿಯಲ್ಲಿ ಸಮನಾಗಿರಬೇಕು. ಬಾನೆಟ್‌ನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗುರುತಿದ್ದರೆ ಅದನ್ನು ಕಳಚಿದ್ದಾರೆ. ಬಣ್ಣದ ದಪ್ಪ ಅಳೆಯುವ ಚಿಕ್ಕ ಮಾಪಕ ಸುಲಭವಾಗಿ ದೊರೆಯುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ಇರುತ್ತದೆ. ಅದು ಒಂದೆಡೆ ಹಲವು ಪಟ್ಟು ಹೆಚ್ಚಿದ್ದರೆ ಅಡಿಯಲ್ಲಿ ಟಿಂಕರಿಂಗ್ ನಡೆದು ಪುಟ್ಟಿ ತುಂಬಿದೆ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ, ಯಮಲೂರು ಭಾಗಗಳಲ್ಲಿ ನೆರೆ ನುಗ್ಗಿ ಐಷಾರಾಮಿ ಕಾರುಗಳೂ ನೀರಿನಲ್ಲಿ ಮುಳುಗಿದ್ದವು. ಚೆನ್ನೈ 2015 ಮತ್ತು 2023ರಲ್ಲಿ ಇದೇ ಅನುಭವ ಕಂಡಿತು. ಇಂತಹ ಕಾರುಗಳು ದುರಸ್ತಿಗೊಂಡು ಬೇರೆ ಊರುಗಳ ಮಾರುಕಟ್ಟೆಗೆ ಬರುವುದುಂಟು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯ ಭಾಗದಲ್ಲಿ ಕೆಸರಿನ ಗೆರೆಯಿದೆಯೇ ನೋಡಬೇಕು. ಸ್ಟೆಪ್ನಿ ಗುಂಡಿಯಲ್ಲಿ ಹೂಳು, ಸೀಟಿನ ಅಡಿಯ ಕಬ್ಬಿಣದಲ್ಲಿ ತುಕ್ಕು, ಕಾರ್ಪೆಟ್ಟಿನಲ್ಲಿ ಮುಗ್ಗಲು ವಾಸನೆ ಇದ್ದರೆ ಆ ಕಾರನ್ನು ಅಲ್ಲಿಗೇ ಬಿಡುವುದು ಮೇಲು. ಅದರ ವಿದ್ಯುತ್ ವ್ಯವಸ್ಥೆ ವರ್ಷಗಟ್ಟಲೆ ಒಂದಲ್ಲ ಒಂದು ತಂಟೆ ಕೊಡುತ್ತಲೇ ಇರುತ್ತದೆ.

ಸ್ಕ್ಯಾನರ್ ಹೇಳುವ ಸತ್ಯ

ಕೀಲಿ ತಿರುಗಿಸಿದೊಡನೆ ಎಂಜಿನ್, ಎಬಿಎಸ್, ಏರ್‌ಬ್ಯಾಗ್ ದೀಪಗಳೆಲ್ಲ ಒಮ್ಮೆ ಉರಿದು ಆರಬೇಕು. ಯಾವುದಾದರೂ ದೀಪ ಉರಿಯಲೇ ಇಲ್ಲವೆಂದರೆ ದೋಷ ಮರೆಮಾಚಲು ಅದನ್ನು ಕಡಿದುಹಾಕಿರಬಹುದು. ಓಬಿಡಿ ಸ್ಕ್ಯಾನರ್ ಜೋಡಿಸಿ ದಾಖಲಾದ ದೋಷ ಸಂಕೇತಗಳನ್ನು ಓದಿಸಬೇಕು. ಸಂಕೇತಗಳೇನೂ ಇಲ್ಲ, ಆದರೆ ಸ್ವಯಂ ತಪಾಸಣೆಗಳು ‘ಅಪೂರ್ಣ’ ಎಂದು ತೋರಿದರೆ ಅವನ್ನು ಇತ್ತೀಚೆಗಷ್ಟೇ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ನೂರು ಕಿ.ಮೀ. ಓಡಿಸಿ ಮತ್ತೊಮ್ಮೆ ಓದಿಸಿದರೆ ಮರೆಯಾದ ಸಂಕೇತಗಳು ಹಿಂತಿರುಗಬಹುದು. ಓಡೋಮೀಟರ್ ತಿದ್ದುವ ಮೋಸ ಇಂದಿಗೂ ನಿಂತಿಲ್ಲ. ಸರ್ವಿಸ್ ಬಿಲ್ಲುಗಳ ಅಂಕಿ, ಪೆಡಲ್ ರಬ್ಬರ್ ಮತ್ತು ಸ್ಟಿಯರಿಂಗ್ ಚರ್ಮದ ಸವೆತ ಒಂದಕ್ಕೊಂದು ತಾಳೆಯಾಗಬೇಕು.

ಇಂಧನದ ಹೊಸ ಚಿಂತೆ

2025ರ ಹೊತ್ತಿಗೆ ದೇಶದಾದ್ಯಂತ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್ ರೂಢಿಗೆ ಬಂದಿದೆ. 2023ರ ಏಪ್ರಿಲ್‌ಗೆ ಮೊದಲು ತಯಾರಾದ ಹಲವು ಕಾರುಗಳ ರಬ್ಬರ್ ಪೈಪು ಮತ್ತು ಗ್ಯಾಸ್ಕೆಟ್‌ಗಳನ್ನು ಇದಕ್ಕೆಂದು ರೂಪಿಸಿರಲಿಲ್ಲ. ಎಥನಾಲ್ ತೇವವನ್ನು ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ನೀರು ಸೇರುವ ಅಪಾಯವಿದೆ. ಸ್ಪೋರ್ಟ್ಸ್ ಕಾರುಗಳು ಹೆಚ್ಚಾಗಿ ನಿಂತೇ ಇರುತ್ತವೆ. ಪೆಟ್ರೋಲ್ ವಾಸನೆ, ಪೈಪುಗಳ ಬಿರುಕು, ಫ್ಯೂಯಲ್ ಪಂಪಿನ ಅಸಹಜ ಗುಂಯ್‌ಗುಡುವಿಕೆಗಳನ್ನು ಉಪೇಕ್ಷಿಸಬಾರದು. ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕುವ ಪೆಟ್ರೋಲ್ ಬೆಂಕಿಗೆ ಆಹ್ವಾನ. ಹೆಚ್ಚಿನ ಆಕ್ಟೇನ್ ಪೆಟ್ರೋಲ್ ಬೇಡುವ ಕಾರಾದರೆ ಅದು ಎಲ್ಲ ಬಂಕ್‌ಗಳಲ್ಲೂ ಸಿಗುವುದಿಲ್ಲ ಎಂಬುದನ್ನೂ ಮನಗಾಣಬೇಕು.

ಕಾಗದಪತ್ರ ಮತ್ತು ಬಿಡಿಭಾಗ

ಕೆಎ-40 ಚಿಕ್ಕಬಳ್ಳಾಪುರದ, ಕೆಎ-67 ಚಿಂತಾಮಣಿಯ ನೋಂದಣಿ ಸಂಕೇತ. ಯಾವ ಸಂಕೇತದ ಕಾರಾದರೂ ಆರ್‌ಸಿಯಲ್ಲಿನ ಷಾಸಿ ಮತ್ತು ಎಂಜಿನ್ ಸಂಖ್ಯೆ ಕಾರಿನ ಮೇಲಿನದಕ್ಕೆ ಅಕ್ಷರಶಃ ಹೊಂದಬೇಕು. ಸಾಲ ತೀರಿದ್ದರೆ ನಮೂನೆ 35, ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30, ಬೇರೆ ರಾಜ್ಯದಿಂದ ಬಂದಿದ್ದರೆ ನಿರಾಕ್ಷೇಪಣಾ ಪತ್ರದ ನಮೂನೆ 28 ಅಗತ್ಯ. ಹೊರರಾಜ್ಯದ ಕಾರಿಗೆ ಕರ್ನಾಟಕದ ಜೀವಿತಾವಧಿ ತೆರಿಗೆಯೂ ಬೀಳುತ್ತದೆ. ಅಗ್ಗವೆಂದು ತಂದ ಕಾರು ಅಗ್ಗವಾಗಿ ಉಳಿಯದಿರಲು ಇದೂ ಒಂದು ಕಾರಣ.

ಬಿಡಿಭಾಗಗಳ ಲಭ್ಯತೆಯನ್ನು ಮೊದಲೇ ವಿಚಾರಿಸಬೇಕು. ಫಿಯೆಟ್ ತನ್ನ ಹೆಸರಿನ ಕಾರುಗಳ ಮಾರಾಟವನ್ನು ಭಾರತದಲ್ಲಿ ನಿಲ್ಲಿಸಿ ವರ್ಷಗಳಾದವು. ಫೋರ್ಡ್ 2021ರಲ್ಲಿ ಇಲ್ಲಿನ ಕಾರು ತಯಾರಿಕೆಗೆ ವಿದಾಯ ಹೇಳಿತು. ಪೋಲೊ 2022ರಲ್ಲಿ ನಿಂತಿತು. ಒಂದು ಸೆನ್ಸರ್‌ಗಾಗಿ ತಿಂಗಳು ಕಾಯಬೇಕಾದರೆ ಅಷ್ಟೂ ಕಾಲ ಕಾರು ಮನೆಯಂಗಳದಲ್ಲೇ ನಿಲ್ಲುತ್ತದೆ.

ಕೊನೆಯ ಲೆಕ್ಕ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡನ್ನು ಕೈಯಲ್ಲಿ ಹಿಡಿದು ನೋಡದೆ ಯಾವ ರೀಲರ್ ಕೂಡ ಬೆಲೆ ಕೂಗುವುದಿಲ್ಲ. ಅದೇ ಎಚ್ಚರ ಕಾರಿಗೂ ಬೇಕು. ಕಂಡ ದೋಷಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ರಿಪೇರಿಗೂ ಗ್ಯಾರೇಜಿನಿಂದ ಅಂದಾಜು ಪಡೆದು, ಆ ಮೊತ್ತವನ್ನು ಹೇಳಿದ ಬೆಲೆಯಿಂದ ಕಳೆಯಬೇಕು. ಅದಲ್ಲದೆ ಮೊದಲ ವರ್ಷದ ಖರ್ಚಿಗೆಂದು ಕಾರಿನ ಬೆಲೆಯ ಐದನೇ ಒಂದು ಭಾಗವನ್ನು ತೆಗೆದಿರಿಸಬೇಕು. ಅಷ್ಟು ಹಣ ಕೈಯಲ್ಲಿ ಉಳಿಯದಿದ್ದರೆ ಆ ಕಾರು ತನ್ನ ಶಕ್ತಿಗೆ ಮೀರಿದ್ದು ಎಂದು ತಿಳಿಯಬೇಕು.

ಬ್ರೇಕ್, ಸ್ಟಿಯರಿಂಗ್, ಚೌಕಟ್ಟು, ಇಂಧನ ಸೋರಿಕೆ ಈ ನಾಲ್ಕರಲ್ಲಿ ದೋಷವಿದ್ದರೆ ಅದು ಸರಿಯಾಗುವವರೆಗೆ ಕಾರನ್ನು ರಸ್ತೆಗಿಳಿಸಬಾರದು. ಉಳಿದವು ಹಣದ ಪ್ರಶ್ನೆ, ಇವು ಪ್ರಾಣದ ಪ್ರಶ್ನೆ. ದೀರ್ಘ ಪರೀಕ್ಷೆಗೆ, ಲಿಫ್ಟ್ ಮೇಲೆ ಎತ್ತಿಸುವುದಕ್ಕೆ, ಸ್ಕ್ಯಾನರ್ ಜೋಡಿಸುವುದಕ್ಕೆ ಮಾಲೀಕರು ಒಪ್ಪದಿದ್ದರೆ ಆ ನಿರಾಕರಣೆಯನ್ನೇ ಉತ್ತರವೆಂದು ಭಾವಿಸಿ ಬೇರೆ ಕಾರು ನೋಡುವುದು ಜಾಣತನ.